ನೆಂಟರು ಬಂದಾಗ ಮುದ್ದೆ

ಬೆಂಗಳೂರಿನಿಂದ ಹೊರಟ ಹೆದ್ದಾರಿ ನೆಲಮಂಗಲದಲ್ಲಿ ಕವಲೊಡೆಯುತ್ತದೆ. ಒಂದು ದಾರಿ ತುಮಕೂರಿಗೆ, ಇನ್ನೊಂದು ಹಾಸನಕ್ಕೆ. ಮಹಾನಗರದಿಂದ ಇಲ್ಲಿಗೆ ಮೂವತ್ತು ಕಿಲೋಮೀಟರು ಸಹ ಇಲ್ಲ. ಆದಕಾರಣ ಈ ಊರಿನ ಮನೆಗಳಿಗೆ ಹೇಳದೆ ಕೇಳದೆ ಬರುವ ನೆಂಟರು ಹೆಚ್ಚು. ಶಿವಗಂಗೆಯ ಬೆಟ್ಟಕ್ಕೆ ಹೊರಟವರು, ಹಾಸನದ ಮದುವೆ ಮುಗಿಸಿ ಹಿಂತಿರುಗುವವರು, ಯಾರಾದರೂ ಸರಿ, “ದಾರಿಯಲ್ಲೇ ಇದ್ದೀರಲ್ಲ, ನೋಡಿಕೊಂಡು ಹೋಗೋಣವೆಂದು ಬಂದೆವು” ಎನ್ನುತ್ತ ಬಾಗಿಲಲ್ಲಿ ನಿಲ್ಲುತ್ತಾರೆ. ಊಟದ ಹೊತ್ತಿಗೆ ಇರುವುದು ಒಂದೇ ಗಂಟೆ. ಅಂಥ ಸಮಯದಲ್ಲಿ ಮನೆಯವರು ಮೊದಲು ಮಾಡುವ ಕೆಲಸವೆಂದರೆ ಅಂದಿಗೆಂದು ಅಣಿಮಾಡಿದ್ದ ರಾಗಿಹಿಟ್ಟಿನ ಡಬ್ಬವನ್ನು ಹಿಂದಕ್ಕೆ ಸರಿಸಿ, ಅಕ್ಕಿಯನ್ನು ಮುಂದಕ್ಕೆ ತೆಗೆಯುವುದು. ದಿನವೂ ತಾವು ಉಣ್ಣುವುದನ್ನು ನೆಂಟರಿಗೆ ಇಕ್ಕುವುದು ಮರ್ಯಾದೆಯಲ್ಲವೆಂಬ ಭಾವನೆ ಎಷ್ಟು ಬಲವಾಗಿದೆಯೆಂದರೆ, ಆ ನೆಂಟರೂ ತಮ್ಮ ಮನೆಯಲ್ಲಿ ಅದನ್ನೇ ಉಣ್ಣುವವರೆಂಬುದು ಯಾರಿಗೂ ನೆನಪಾಗುವುದಿಲ್ಲ.

ನಾವೂ ಒಮ್ಮೆ ಹೀಗೆಯೇ ಹೋದವರು. ಪರಿಚಯದ ಆ ಮನೆಯ ಹಿರಿಯಾಕೆ ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಿದ್ದರು. ಮನೆಯಲ್ಲಿದ್ದವಳು ಸೊಸೆ, ಧಾರವಾಡದ ಕಡೆಯ ಹುಡುಗಿ. ನೀವು ದಿನವೂ ಮಾಡುವುದನ್ನೇ ಮಾಡಿರೆಂದು ನಾವು ಒತ್ತಾಯಪಡಿಸಿದೆವು. ಆಕೆ ಸಂಕೋಚದಿಂದ ಮುದ್ದೆಗೆ ಎಸರಿಟ್ಟಳು. ತಟ್ಟೆಗೆ ಬಂದ ಮುದ್ದೆ ನೋಡಲು ನುಣುಪಾಗಿಯೇ ಇತ್ತು. ಮುರಿದಾಗ ಮಾತ್ರ ನಡುವಿನಿಂದ ಬಿಳಿಯ ಹಸಿಹಿಟ್ಟು ಪುಡಿಪುಡಿಯಾಗಿ ಉದುರಿತು. ನಾವು ಗಂಟುಗಳನ್ನು ಸದ್ದಿಲ್ಲದೆ ನುಂಗಿದೆವು. ಆದರೆ ಆಕೆಯ ಕಣ್ಣಿಗೆ ಅದು ಬೀಳದೆ ಹೋಗಲಿಲ್ಲ. “ನಮ್ಮ ಕಡೆ ರೊಟ್ಟಿ ಬಡಿಯೂದು ಗೊತ್ತೈತ್ರೀ, ಇದು ಮಾತ್ರ ನನ್ನ ಕೈಗೆ ಹತ್ತವಲ್ದು” ಎಂದಳು. ಅತ್ತೆಯನ್ನು ಎಷ್ಟೋ ಸಲ ಕೇಳಿದ್ದಳಂತೆ, ನೀರೆಷ್ಟು, ಹಿಟ್ಟೆಷ್ಟು, ಎಷ್ಟು ಹೊತ್ತು ಎಂದು. ಅವರದು ಒಂದೇ ಉತ್ತರ: “ಅದಕ್ಕೇನು ಲೆಕ್ಕ ಐತವ್ವಾ? ನೋಡ್ತಾ ನೋಡ್ತಾ ಕೈಗೇ ಗೊತ್ತಾಯ್ತದೆ.”

ಅತ್ತೆಯ ಮಾತು ಸುಳ್ಳಲ್ಲ. ಆದರೆ ಕೈಗೆ ಗೊತ್ತಾಗಬೇಕಾದರೆ ಒಲೆಯ ಪಕ್ಕದಲ್ಲಿ ಹತ್ತು ವರ್ಷ ನಿಂತಿರಬೇಕು. ಈಗಿನ ಮನೆಗಳಲ್ಲಿ ಹಾಗೆ ನಿಲ್ಲುವವರಿಲ್ಲ. ಹುಡುಗಿಯರು ಶಾಲೆಯಲ್ಲಿರುತ್ತಾರೆ, ಹೆಂಗಸರು ಕೆಲಸಕ್ಕೆ ಹೋಗುತ್ತಾರೆ. ಗಂಡಸರು ಆಗಲೂ ನಿಲ್ಲುತ್ತಿರಲಿಲ್ಲ, ಈಗಲೂ ನಿಲ್ಲುವವರು ಕಡಮೆ. ಎರಡು ಸಲ ಗಂಟಾದ ಮುದ್ದೆಯನ್ನು ಮೂರನೆಯ ಸಲ ಯಾರೂ ನೆಂಟರ ಮುಂದೆ ಇಡುವುದಿಲ್ಲ. ನಾಲ್ಕನೆಯ ಸಲ ಮನೆಯವರಿಗೂ ಮಾಡುವುದಿಲ್ಲ. ಹೀಗೆ ಒಂದು ತಲೆಮಾರಿನಲ್ಲಿ ಒಂದು ಅಡಿಗೆ ಒಂದು ಮನೆಯಿಂದ ಎದ್ದುಹೋಗುತ್ತದೆ. ಕೈಗೆ ಗೊತ್ತಿರುವುದನ್ನು ಬುದ್ಧಿಗೂ ಗೊತ್ತಾಗುವಂತೆ ಮಾಡಿದರೆ ಈ ಹತ್ತು ವರ್ಷವನ್ನು ಒಂದು ಮಧ್ಯಾಹ್ನಕ್ಕೆ ಇಳಿಸಬಹುದೆ ಎಂಬುದನ್ನು ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಕಾಳಿನ ವಿಚಾರ. ರಾಗಿಯ ಮೂಲ ಪೂರ್ವ ಆಫ್ರಿಕದ ಎತ್ತರದ ನಾಡು. ಯಾವುದೋ ಪ್ರಾಚೀನ ಕಾಲದಲ್ಲಿ ಕಡಲು ದಾಟಿ ಬಂದ ಈ ಕಾಳು ನಮ್ಮ ಕೆಂಪುಮಣ್ಣಿನ ಹೊಲಗಳಿಗೆ ಎಷ್ಟು ಚೆನ್ನಾಗಿ ಒಗ್ಗಿತೆಂದರೆ, ಅದು ಹೊರಗಿನದೆಂದರೆ ನೆಲಮಂಗಲದ ರೈತ ನಕ್ಕಾನು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡದ ಲೆಸ್ಲಿ ಕೋಲ್ಮನ್ನರು ೧೯೨೦ರಲ್ಲಿ ಮೈಸೂರಿನ ರಾಗಿ ಬೇಸಾಯವನ್ನು ಕುರಿತು ಒಂದು ಪುಸ್ತಿಕೆಯನ್ನೇ ಬರೆದರು. ಆಮೇಲೆ ಮಂಡ್ಯದ ವಿಶ್ವೇಶ್ವರಯ್ಯ ಕಾಲುವೆ ಫಾರಮಿನಲ್ಲಿ ದುಡಿದ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಅದರ ಆಫ್ರಿಕದ ದಾಯಾದಿಯೊಡನೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ಎಬ್ಬಿಸಿದರು. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ಸಾವಿರಾರು ವರ್ಷ ಅಗಲಿದ್ದ ಎರಡು ಕವಲುಗಳು ಹೀಗೆ ಮತ್ತೆ ಒಂದಾದವು.

ರಾಗಿಯ ಕಾಳು ಸಾಸಿವೆಗಿಂತ ಹೆಚ್ಚು ದೊಡ್ಡದಲ್ಲ. ಅದರ ಕೆಂಪು ಸಿಪ್ಪೆ ಒಳಗಿನ ತಿರುಳಿಗೆ ಬಿಗಿಯಾಗಿ ಅಂಟಿರುವುದರಿಂದ ಭತ್ತದಂತೆ ಇದನ್ನು ಕುಟ್ಟಿ ಬೆಳ್ಳಗೆ ಮಾಡುವುದು ಸುಲಭಸಾಧ್ಯವಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಕಾಳನ್ನು ಹಬೆಯಲ್ಲಿ ಬೇಯಿಸಿ ಗಟ್ಟಿಮಾಡಿ ಸಿಪ್ಪೆ ತೆಗೆಯುವ ವಿಧಾನವನ್ನು ಕಂಡುಹಿಡಿದಿದ್ದಾರೆ. ಆದರೆ ಮನೆಯ ಬೀಸುವ ಕಲ್ಲಿಗಾಗಲಿ ಬೀದಿಯ ಹಿಟ್ಟಿನ ಗಿರಣಿಗಾಗಲಿ ಅದು ಆಗದು. ಆದಕಾರಣ ರಾಗಿಹಿಟ್ಟೆಂದರೆ ಇಡೀ ಕಾಳಿನ ಹಿಟ್ಟು. ನಯಗಾರಿಕೆಯ ಹೆಸರಿನಲ್ಲಿ ಸತ್ತ್ವವನ್ನು ತೌಡಿಗೆ ಕಳೆದುಕೊಳ್ಳುವ ಅವಕಾಶವನ್ನು ಈ ಕಾಳು ನಮಗೆ ಕೊಟ್ಟೇ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ೨೦೧೭ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ, ಎಂದರೆ ಸುಣ್ಣದಂಶ, ೩೬೪ ಮಿಲಿಗ್ರಾಂ. ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಅದು ಎಂಟು ಮಿಲಿಗ್ರಾಮನ್ನೂ ಮುಟ್ಟುವುದಿಲ್ಲ. ನೆಂಟರಿಗೆಂದು ಒಂದನ್ನು ಬಿಟ್ಟು ಇನ್ನೊಂದನ್ನು ತೆಗೆಯುವಾಗ ನಾವು ಮಾಡುವ ವಿನಿಮಯ ಇಂಥದು.

ಇನ್ನು ಮುದ್ದೆ. ರಾಗಿಯ ಮೂರರಲ್ಲಿ ಎರಡು ಪಾಲು ಪಿಷ್ಟ. ಪಿಷ್ಟವೆಂಬುದು ಹಿಟ್ಟಿನಲ್ಲಿ ಅತಿ ಸೂಕ್ಷ್ಮವಾದ ಹರಳುಗಳಂತೆ ಇರುತ್ತದೆ. ತಣ್ಣೀರಿನಲ್ಲಿ ಅವು ಕರಗುವುದಿಲ್ಲ. ಕದಡಿದರೆ ತೇಲುತ್ತವೆ, ಬಿಟ್ಟರೆ ತಳಕ್ಕೆ ಇಳಿಯುತ್ತವೆ. ನೀರು ಸುಮಾರು ೬೫ ಡಿಗ್ರಿ ಸೆಲ್ಸಿಯಸ್ ಮೀರಿತೆಂದರೆ ಅವುಗಳ ಸ್ವಭಾವವೇ ಬದಲಾಗುತ್ತದೆ. ನೀರನ್ನು ಹೀರಿ ಉಬ್ಬುತ್ತವೆ, ಒಂದಕ್ಕೊಂದು ಅಂಟುತ್ತವೆ, ಅಂಟಾಗುತ್ತವೆ. ಅಂಗಡಿಯವರು ಭಿತ್ತಿಪತ್ರ ಹಚ್ಚಲು ಕಾಯಿಸುವ ಸರಿಯೂ ಇದೇ.

ಗಂಟಿನ ಹುಟ್ಟು ಇಲ್ಲಿಯೇ. ಕುದಿಯುವ ನೀರಿಗೆ ಒಣಹಿಟ್ಟನ್ನು ಸುರಿದು ಕೂಡಲೇ ಕಲಕಿದೆವೆನ್ನೋಣ. ಹಿಟ್ಟು ಸಣ್ಣ ಸಣ್ಣ ಉಂಡೆಗಳಾಗಿ ಒಡೆಯುತ್ತದೆ. ಪ್ರತಿಯೊಂದು ಉಂಡೆಯ ಹೊರಮೈ ಕ್ಷಣಮಾತ್ರದಲ್ಲಿ ಬೆಂದು ಅಂಟಿನ ಒಂದು ಚೀಲವಾಗುತ್ತದೆ. ಈ ಚೀಲವನ್ನು ದಾಟಿ ನೀರು ಒಳಗೆ ಹೋಗಲಾರದು. ಒಳಗಿನ ಹಿಟ್ಟು ಎಷ್ಟು ಹೊತ್ತು ಕುದಿಸಿದರೂ ಒಣಗಿಯೇ ಉಳಿಯುತ್ತದೆ. ನಮ್ಮ ತಟ್ಟೆಯಲ್ಲಿ ಉದುರಿದ್ದು ಈ ಹಿಟ್ಟೇ. ಆಕೆ ಅವಸರದಲ್ಲಿ ಮಾಡಿದ ತಪ್ಪೂ ಇದೊಂದೇ: ಹಿಟ್ಟು ಹಾಕಿದೊಡನೆ ಕೋಲು ಆಡಿಸಿದ್ದು.

ಹಳೆಯ ಕೈಗಳು ಏನು ಮಾಡುತ್ತವೆ? ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಆ ನೀರಿಗೆ, ಅದು ಇನ್ನೂ ತಣ್ಣಗಿರುವಾಗಲೇ, ಒಂದು ಚಮಚ ಹಿಟ್ಟನ್ನು ಕದಡುತ್ತವೆ. ನೀರು ಕಾದಂತೆ ಇದು ತೆಳುವಾದ ಗಂಜಿಯಾಗಿ ಎಸರನ್ನು ಮಂದಗೊಳಿಸುತ್ತದೆ. ಮೇಲಿನಿಂದ ಬೀಳುವ ಹಿಟ್ಟು ತಳಕ್ಕೆ ಮುಳುಗಿ ಹತ್ತದಂತೆ ಎತ್ತಿಹಿಡಿಯುತ್ತದೆ. ಎಸರು ಮರಳಿದಾಗ ಉಳಿದ ಹಿಟ್ಟನ್ನೆಲ್ಲ ನಡುವೆ ಒಂದೇ ಗುಡ್ಡೆಯಾಗಿ ಸುರಿದು, ಕೈಕಟ್ಟಿ ನಿಲ್ಲಬೇಕು. ಕಲಕಬಾರದು. ಹಿಟ್ಟಿನ ಕೋಲನ್ನು ಗುಡ್ಡೆಯ ನಡುವೆ ತಳದವರೆಗೂ ಚುಚ್ಚಿ ಎರಡು ಮೂರು ತೂತು ಮಾಡಬೇಕು, ಅಷ್ಟೆ. ಉರಿಯನ್ನು ಸಣ್ಣಗೆ ಮಾಡಿ ಮುಚ್ಚಳ ಮುಚ್ಚಬೇಕು. ಸುತ್ತಲಿಂದ ನೀರು ಏರುತ್ತದೆ, ತೂತುಗಳಿಂದ ಆವಿ ಏರುತ್ತದೆ. ಆವಿಯು ಅಂಟಿನ ಚೀಲ ಕಟ್ಟುವುದಕ್ಕೆ ಮುಂಚೆಯೇ ಹಿಟ್ಟಿನ ಸಂದುಗಳಲ್ಲಿ ನುಸುಳಿ ತಂಪಾದ ಕಣಗಳ ಮೇಲೆ ಮತ್ತೆ ನೀರಾಗುತ್ತದೆ. ಹಾಗೆ ನೀರಾಗುವಾಗ ತಾನು ಹೊತ್ತು ತಂದ ಶಾಖವನ್ನೆಲ್ಲ ಅಲ್ಲಿಯೇ ಇಳಿಸುತ್ತದೆ. ಇಡ್ಲಿ ಬೇಯುವುದೂ ಈ ಶಾಖದಿಂದಲೇ. ಐದಾರು ನಿಮಿಷದಲ್ಲಿ ಗುಡ್ಡೆ ಒಳಗಿನಿಂದಲೂ ಹೊರಗಿನಿಂದಲೂ ಬಿಸಿಯಾಗಿ ತೇವಗೊಂಡಿರುತ್ತದೆ. ತೊಳಸುವ ಸಮಯ ಅದು. ಪಾತ್ರೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು, ಕೋಲನ್ನು ಪಾತ್ರೆಯ ಮೈಗೆ ಒತ್ತಿ ಒತ್ತಿ ತೊಳಸಬೇಕು. ಇಲ್ಲಿ ತೋಳಿನ ಬಲಕ್ಕೆ ಬದಲಿಯಿಲ್ಲ. ಉಳಿದಿರಬಹುದಾದ ಗಂಟುಗಳು ಕೋಲಿಗೂ ಪಾತ್ರೆಗೂ ನಡುವೆ ಸಿಕ್ಕಿ ನುರಿಯುತ್ತವೆ. ಒದ್ದೆಮಾಡಿದ ಬೆರಳಿನಿಂದ ಮುಟ್ಟಿದರೆ ಹಿಟ್ಟು ಅಂಟಬಾರದು. ಅಂಟಿದರೆ ಇನ್ನೂ ಪಿಷ್ಟ ಪೂರ್ತಿ ಬೆಂದಿಲ್ಲವೆಂದು ಅರ್ಥ, ಮತ್ತೆರಡು ನಿಮಿಷ ಮುಚ್ಚಿಡಬೇಕು.

ಮುದ್ದೆ ಕಟ್ಟುವುದು ಬಿಸಿಯಿರುವಾಗಲೇ ಆಗಬೇಕೆಂಬುದಕ್ಕೂ ಕಾರಣವುಂಟು. ಗೋಧಿಯಲ್ಲಿ ಎಳೆಎಳೆಯಾಗಿ ಹಿಗ್ಗುವ ಒಂದು ಸಸಾರಜನಕವಿದೆ, ಚಪಾತಿಯ ಕಣಕ ಜಗ್ಗುವುದು ಅದರಿಂದ. ರಾಗಿಯಲ್ಲಿ ಅದಿಲ್ಲ. ಮುದ್ದೆಯನ್ನು ದುಂಡಗೆ ಹಿಡಿದಿಡುವುದು ಬೆಂದ ಪಿಷ್ಟವೊಂದೇ. ಆರಿದಂತೆ ಪಿಷ್ಟದ ಎಳೆಗಳು ಮತ್ತೆ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಆಮೇಲೆ ಒತ್ತಿದರೆ ಬಿರಿಯುತ್ತದೆಯೇ ಹೊರತು ಬೆಸೆಯುವುದಿಲ್ಲ. ಕೈಯನ್ನು ನೀರಿನಲ್ಲಿ ಅದ್ದಿಕೊಳ್ಳುವುದು ಸುಡದಿರಲೆಂದು ಮಾತ್ರವಲ್ಲ, ಆ ನೀರಿನ ಪದರದಿಂದಲೇ ಮುದ್ದೆಗೆ ಹೊಳಪು.

ಇಷ್ಟನ್ನು ನಾವು ವಿವರಿಸುತ್ತಿದ್ದಾಗ ಆ ಹುಡುಗಿ ನಡುವೆ ಬಾಯಿಹಾಕಿ, “ಹಂಗಾದ್ರ ಇದು ನಮ್ಮ ರೊಟ್ಟಿ ಎಸರಿನ ಕಥಿನೇ ಆತಲ್ರೀ!” ಎಂದಳು. ನಮಗೆ ಹೊಳೆಯದಿದ್ದ ಮಾತು ಅದು. ಜೋಳದಲ್ಲಿಯೂ ಗೋಧಿಯ ಜಗ್ಗುವ ಗುಣವಿಲ್ಲ. ಆದುದರಿಂದಲೇ ಉತ್ತರದ ಸೀಮೆಯವರು ಜೋಳದ ಹಿಟ್ಟಿನ ನಡುವೆ ಕುಳಿಮಾಡಿ ಕುದಿಯುವ ಎಸರು ಹೊಯ್ದು, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ನಾದುತ್ತಾರೆ. ಒಂದಿಷ್ಟು ಪಿಷ್ಟ ಬೆಂದು ಅಂಟಾಗಿ ಉಳಿದ ಹಿಟ್ಟನ್ನು ಹಿಡಿದಿಡುತ್ತದೆ, ರೊಟ್ಟಿ ಬಡಿಯುವಾಗ ಹರಿಯುವುದಿಲ್ಲ. ಅಲ್ಲಿ ಹಿಟ್ಟಿಗೆ ಎಸರು, ಇಲ್ಲಿ ಎಸರಿಗೆ ಹಿಟ್ಟು. ತನ್ನ ತಾಯಿಯ ಮನೆಯಲ್ಲಿ ಆಕೆ ಹಿಟ್ಟಿಗೆ ಎಸರು ಹೊಯ್ದು ಕಾಯುತ್ತಿದ್ದಳು; ಇಲ್ಲಿ ಕಾಯುವುದನ್ನು ಮರೆತಿದ್ದಳು.

ಮುದ್ದೆಯೊಂದರಿಂದ ಊಟವಾಗದು. ಅದಕ್ಕೆ ಬೇಕಾದ ಸಾರುಗಳಲ್ಲಿ ಸುಲಭವಾದುದೂ, ನೆಂಟರನ್ನು ಬೆರಗುಗೊಳಿಸುವಂಥದೂ ಬಸ್ಸಾರು. ಒಂದೇ ಪಾತ್ರೆಯಲ್ಲಿ ಬೇಯಿಸಿದ್ದು ಎರಡು ಬಗೆಯ ಅಡಿಗೆಯಾಗಿ ಎಲೆಗೆ ಬರುತ್ತದೆ. ಒಂದು ಲೋಟ ತೊಗರಿಬೇಳೆಯನ್ನೋ ಹೆಸರುಕಾಳನ್ನೋ ಬೇಯಿಸಿ, ಬೇಳೆ ಮುಕ್ಕಾಲು ಬೆಂದು ಇನ್ನೂ ಒಡೆಯದಿರುವಾಗ ಎರಡು ಕಟ್ಟು ದಂಟಿನ ಸೊಪ್ಪನ್ನು ಹೆಚ್ಚಿ ಹಾಕಿ, ಬೆಂದಮೇಲೆ ನೀರನ್ನು ಬಸಿದುಕೊಳ್ಳುವುದು. ಬಸಿದ ಕಟ್ಟು ಸಾರಿಗೆ. ಉಳಿದ ಸೊಪ್ಪು ಬೇಳೆ ಒಣಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆ ಮತ್ತು ಕಾಯಿತುರಿಯೊಡನೆ ಪಲ್ಯಕ್ಕೆ. ಬಸಿದ ಸಾರು ಬಸ್ಸಾರಾಯಿತು.

ಇಲ್ಲಿಯೂ ಎಡವುವ ಸ್ಥಳಗಳಿವೆ. ಮೊದಲನೆಯದು ನೀರು. ನೆಲಮಂಗಲದ ಸುತ್ತಲಿನದು ಬಂಡೆಯ ನೆಲ. ಆಳದ ಕೊಳವೆಬಾವಿಯಿಂದ ಬರುವ ನೀರು ಬಹುಮಟ್ಟಿಗೆ ಗಡಸು. ಆ ನೀರಿನ ಕ್ಯಾಲ್ಸಿಯಂ, ಬೇಳೆಕಾಳುಗಳ ಕೋಶಗಳನ್ನು ಬೆಸೆದಿಡುವ ಪೆಕ್ಟಿನ್ ಎಂಬ ಅಂಟಿನೊಡನೆ ಸೇರಿ ಅದನ್ನು ಕರಗದಂತೆ ಮಾಡುತ್ತದೆ. ಕಾಳು ಎಷ್ಟು ಬೇಯಿಸಿದರೂ ಕಲ್ಲಿನಂತೆ ಉಳಿಯುವುದಕ್ಕೆ ಅಂಗಡಿಯವನನ್ನು ಬೈಯುವ ಮೊದಲು ನೀರನ್ನು ಶಂಕಿಸಬೇಕು. ಮೇಲಾಗಿ ಈ ಊರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು ನೂರು ಡಿಗ್ರಿಗಲ್ಲ, ೯೭ರ ಆಸುಪಾಸಿನಲ್ಲಿ. ಮಂಗಳೂರಿನ ಅಡಿಗೆಮನೆಗಿಂತ ಇಲ್ಲಿಯ ಬೇಳೆ ತಡವಾಗಿ ಬೇಯುವುದು ಸಹಜ. ಇಡಿಯ ಕಾಳಾದರೆ ಹಿಂದಿನ ರಾತ್ರಿ ನೆನೆಸುವ ನೀರಿಗೆ ಒಂದು ಚಮಚ ಉಪ್ಪು ಹಾಕಿರಿ. ಉಪ್ಪು ಹಾಕಿದರೆ ಕಾಳು ಬೇಯದೆಂಬ ಮಾತು ರೂಢಿಯಲ್ಲಿದೆ, ನಿಜಸ್ಥಿತಿ ತಿರುಗುಮುರುಗು. ಉಪ್ಪಿನ ಸೋಡಿಯಂ ಸಿಪ್ಪೆಯಲ್ಲಿರುವ ಕ್ಯಾಲ್ಸಿಯಮನ್ನು ಸ್ಥಾನಪಲ್ಲಟಗೊಳಿಸಿ ಕಾಳನ್ನು ಮೆತ್ತಗಾಗಿಸುತ್ತದೆ. ಬೇಯಗೊಡದಿರುವುದು ಹುಣಸೆಹುಳಿ.

ಹುಣಸೆಹುಳಿಯನ್ನು ಬೇಳೆಯ ಹತ್ತಿರ ತರಬಾರದೆಂಬಂತೆ ಸೊಪ್ಪಿನ ಹತ್ತಿರವೂ ತರಬಾರದು. ಸೊಪ್ಪಿನ ಹಸುರಿಗೆ ಕಾರಣವಾದ ಪತ್ರಹರಿತ್ತಿನ ಅಣುವಿನ ನಡುವೆ ಮೆಗ್ನೀಸಿಯಂ ಕುಳಿತಿರುತ್ತದೆ. ಆಮ್ಲ ತಾಗಿದರೆ ಆ ಮೆಗ್ನೀಸಿಯಂ ಎದ್ದುಹೋಗಿ ಹಸುರು ಮಾಸಿ ಪಾಚಿಯ ಬಣ್ಣವಾಗುತ್ತದೆ. ಸೊಪ್ಪಿನಲ್ಲಿಯೇ ಇರುವ ಕೆಲವು ಆಮ್ಲಗಳು ಬೇಯುವಾಗ ಆವಿಯೊಡನೆ ಹಾರಿಹೋಗುತ್ತವೆ. ಸೊಪ್ಪು ಹಾಕಿದಮೇಲೆ ಪಾತ್ರೆಗೆ ಮುಚ್ಚಳ ಹಾಕದಿರುವ ಪದ್ಧತಿಯ ಹಿಂದಿರುವುದು ಇದೇ. ಹಸುರು ಉಳಿಯಲೆಂದು ಚಿಟಿಕೆ ಅಡಿಗೆಸೋಡ ಹಾಕುವವರಿದ್ದಾರೆ. ಬಣ್ಣವೇನೋ ಉಳಿಯುತ್ತದೆ, ಬಿ೧ ಜೀವಸತ್ತ್ವ ಹಾಳಾಗುತ್ತದೆ. ನಾವು ಅದನ್ನು ಒಪ್ಪುವುದಿಲ್ಲ.

ಬಸ್ಸಾರಿನ ನಿಜವಾದ ಹೆಚ್ಚುಗಾರಿಕೆ ಆ ಬಸಿದ ನೀರಿನಲ್ಲಿದೆ. ಸಿ ಜೀವಸತ್ತ್ವ, ಫೋಲಿಕ್ ಆಮ್ಲ, ಪೊಟ್ಯಾಸಿಯಂ ಮೊದಲಾದುವು ನೀರಿನಲ್ಲಿ ಕರಗುವ ವಸ್ತುಗಳು. ಸೊಪ್ಪನ್ನು ಬೇಯಿಸಿ ನೀರು ಚೆಲ್ಲಿದರೆ ಅವು ಮೋರಿಯ ಪಾಲು. ಬಸ್ಸಾರಿನ ಮನೆಯಲ್ಲಿ ಮೋರಿಗೆ ಏನೂ ಹೋಗುವುದಿಲ್ಲ. ಕಾವಿನಿಂದ ನಾಶವಾಗುವಷ್ಟು ಮಾತ್ರ ನಾಶವಾಗುತ್ತದೆ. ಒಂದು ಎಚ್ಚರಿಕೆ: ದಂಟಿನ ಸೊಪ್ಪಿನ ಆಕ್ಸಾಲಿಕ್ ಆಮ್ಲವೂ ಇದೇ ನೀರಿಗೆ ಇಳಿಯುತ್ತದೆ. ಮೂತ್ರಪಿಂಡದಲ್ಲಿ ಕಲ್ಲಾಗುವ ತೊಂದರೆಯುಳ್ಳವರು ವೈದ್ಯರನ್ನು ಕೇಳಿ ಉಣ್ಣುವುದು ಲೇಸು.

ಈ ಕಟ್ಟಿಗೆ ರುಚಿ ಬರುವುದು ರುಬ್ಬಿದ ಖಾರದಿಂದ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿಬೀಜ, ಜೀರಿಗೆ, ನಾಲ್ಕು ಮೆಣಸು, ಇವನ್ನು ಮೊದಲು ಹುರಿಯಬೇಕು. ಹಸಿಯದನ್ನೇ ರುಬ್ಬಿ ಸಾರಿನಲ್ಲಿ ಎಷ್ಟು ಕುದಿಸಿದರೂ ಆ ಘಮ ಬಾರದು. ಏಕೆಂದರೆ ಸಕ್ಕರೆಗಳೂ ಸಸಾರಜನಕದ ತುಣುಕುಗಳೂ ಕೂಡಿ ಕಂದುಬಣ್ಣವನ್ನೂ ನೂರಾರು ಪರಿಮಳಗಳನ್ನೂ ಹುಟ್ಟಿಸುವ ಕ್ರಿಯೆ, ೧೯೧೨ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಮೈಯಾರ್ ಎಂಬಾತನ ಹೆಸರಿನಿಂದ ಕರೆಯುವ ಕ್ರಿಯೆ, ಚುರುಕಾಗಿ ನಡೆಯಲು ನೂರು ಡಿಗ್ರಿಗಿಂತ ಬಹಳ ಹೆಚ್ಚಿನ ಕಾವು ಬೇಕು. ನೀರಿರುವವರೆಗೆ ಸಾರು ಆ ಕಾವನ್ನು ಮುಟ್ಟುವಂತಿಲ್ಲ, ಬಾಣಲೆ ಮುಟ್ಟುತ್ತದೆ. ಹುರಿದುದನ್ನು ಕಾಯಿತುರಿ, ಒಂದು ಹಿಡಿ ಬೆಂದ ಸೊಪ್ಪುಬೇಳೆ ಮತ್ತು ಹುಣಸೆಯೊಡನೆ ರುಬ್ಬಿ ಕಟ್ಟಿಗೆ ಸೇರಿಸಿ, ಉಪ್ಪು ಹಾಕಿ ಒಂದು ಕುದಿ ಬರಿಸಿ, ಸಾಸಿವೆಯ ಒಗ್ಗರಣೆ ಕೊಟ್ಟರೆ ಮುಗಿಯಿತು. ಒಗ್ಗರಣೆಗೆ ಹಾಕುವ ಬೆಳ್ಳುಳ್ಳಿಯನ್ನು ಜಜ್ಜಿ ಐದು ನಿಮಿಷ ಬಿಡಬೇಕು. ಬೆಳ್ಳುಳ್ಳಿಯ ವಾಸನೆ ಇಡಿಯ ಎಸಳಿನಲ್ಲಿ ಇರುವುದೇ ಇಲ್ಲ. ಜಜ್ಜಿದಾಗ ಎರಡು ಬೇರೆ ಬೇರೆ ಗೂಡುಗಳಲ್ಲಿದ್ದ ವಸ್ತುಗಳು ಸಂಧಿಸಿ ಹುಟ್ಟುತ್ತದೆ. ಜಜ್ಜಿದೊಡನೆ ಎಣ್ಣೆಗೆ ಹಾಕಿದರೆ ಆ ಕ್ರಿಯೆ ನಡುವೆಯೇ ನಿಂತುಹೋಗುತ್ತದೆ.

ರಾಗಿಯ ಕೆಂಪು ಸಿಪ್ಪೆಯಲ್ಲಿ ಸುಣ್ಣದಂಶದ ಜೊತೆಗೆ ಅದನ್ನೂ ಕಬ್ಬಿಣದಂಶವನ್ನೂ ಕಟ್ಟಿಹಾಕುವ ಫೈಟಿಕ್ ಆಮ್ಲ, ಟ್ಯಾನಿನ್‌ಗಳೂ ಉಂಟು. ಕೋಷ್ಟಕದಲ್ಲಿರುವುದೆಲ್ಲ ರಕ್ತಕ್ಕೆ ಸೇರುವುದಿಲ್ಲವೆಂಬುದನ್ನು ಮುದ್ದೆಯ ಅಭಿಮಾನಿಗಳು ಒಪ್ಪಿಕೊಳ್ಳಬೇಕು. ಆದರೆ ಜೊತೆಯಲ್ಲಿ ಏನನ್ನು ಉಣ್ಣುತ್ತೇವೆಂಬುದು ಈ ಲೆಕ್ಕವನ್ನು ಬದಲಾಯಿಸುತ್ತದೆ. ಈರುಳ್ಳಿ ಬೆಳ್ಳುಳ್ಳಿಗಳು ಕಾಳುಬೇಳೆಗಳ ಕಬ್ಬಿಣವೂ ಸತುವೂ ಹೆಚ್ಚಾಗಿ ದಕ್ಕುವಂತೆ ಮಾಡುತ್ತವೆಂದು ಮೈಸೂರಿನ ಅದೇ ಸಂಶೋಧನಾಲಯದವರು ೨೦೧೦ರಲ್ಲಿ ಪ್ರಕಟಿಸಿದರು. ಅದು ಪ್ರಯೋಗಶಾಲೆಯ ಪಾತ್ರೆಯಲ್ಲಿ ಜೀರ್ಣಕ್ರಿಯೆಯನ್ನು ಅನುಕರಿಸಿ ಕಂಡುಕೊಂಡದ್ದು, ಮನುಷ್ಯರ ಮೇಲಿನ ಪ್ರಯೋಗವಲ್ಲ. ಹಾಗಿದ್ದರೂ ಬಸ್ಸಾರಿನಲ್ಲಿ ಇವೆರಡೂ ಧಾರಾಳವಾಗಿರುವುದು ಸಂತೋಷದ ವಿಷಯ. ತಟ್ಟೆಯ ಪಕ್ಕದ ನಿಂಬೆಯ ಹೋಳೂ ಅಲಂಕಾರಕ್ಕಲ್ಲ. ಅದರ ಸಿ ಜೀವಸತ್ತ್ವ ಕಬ್ಬಿಣವನ್ನು ಬಿಡಿಸಿಕೊಡುತ್ತದೆ. ಒಲೆಯ ಮೇಲೆ ಹಿಂಡದೆ ಊಟಕ್ಕೆ ಕುಳಿತಮೇಲೆ ಹಿಂಡಿದರೆ ಪ್ರಯೋಜನ ಹೆಚ್ಚು. ಮುದ್ದೆ ಉಂಡರೆ ರಕ್ತದ ಸಕ್ಕರೆ ಏರುವುದೇ ಇಲ್ಲವೆಂಬ ನಂಬಿಕೆಯನ್ನು ಮಾತ್ರ ಬಿಡಬೇಕು. ನುಣ್ಣಗೆ ಬೀಸಿ ಚೆನ್ನಾಗಿ ಬೇಯಿಸಿದ ಪಿಷ್ಟ ಯಾವ ಕಾಳಿನದಾದರೂ ಪಿಷ್ಟವೇ. ಬೇಳೆ, ಸೊಪ್ಪು ಜೊತೆಗಿದ್ದರೆ ಏರಿಕೆ ನಿಧಾನವಾಗುತ್ತದೆ; ಮೂರನೆಯ ಮುದ್ದೆ ಬೇಡವೆಂದರೆ ಇನ್ನೂ ಒಳ್ಳೆಯದು.

ರಾಗಿಯ ಹೊಲದಲ್ಲಿ ಸಾಲಿನ ನಡುನಡುವೆ ಅಕ್ಕಡಿಯಾಗಿ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುವುದನ್ನು ಈ ಸೀಮೆಯಲ್ಲಿ ಓಡಾಡಿದವರು ನೋಡಿರಬಹುದು. ರಾಗಿಯ ಸಸಾರಜನಕದಲ್ಲಿ ಲೈಸೀನ್ ಎಂಬ ಅಂಶ ಕಡಮೆ, ಮೆಥಿಯೊನೀನ್ ಎಂಬುದು ಸಾಕಷ್ಟು. ಬೇಳೆಕಾಳುಗಳಲ್ಲಿ ಇದು ತಲೆಕೆಳಗು. ಹೊಲದಲ್ಲಿ ಅಕ್ಕಪಕ್ಕ ನಿಂತವು ತಟ್ಟೆಯಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ. ಮಾರ್ಗಶಿರ ಪುಷ್ಯಗಳಲ್ಲಿ ನೆಂಟರು ಬಂದರೆ ಬಸ್ಸಾರಿನ ಸ್ಥಾನದಲ್ಲಿ ಹಿದಕಬೇಳೆಯ ಸಾರು. ಸೊಗಡಿನ ಅವರೆಯ ಸುಖವೇ ಬೇರೆ. ಆದರೆ ನೆನೆಸಿದ ಕಾಳನ್ನು ಒಂದೊಂದಾಗಿ ಹಿದುಕಿ ಸಿಪ್ಪೆ ತೆಗೆಯುವ ಕೆಲಸವನ್ನು ಸುಲಭವೆಂದು ಕರೆದರೆ ಓದುಗರು ನಮ್ಮನ್ನು ಕ್ಷಮಿಸಲಾರರು. ನೆಂಟರನ್ನೇ ಹಿದುಕಲು ಕೂರಿಸಿಕೊಳ್ಳುವುದುಂಟು. ಮಾತಿಗೂ ಅದು ಅನುಕೂಲ.

ಬಡಿಸುವಾಗ ಮುದ್ದೆಯ ನೆತ್ತಿಯಲ್ಲಿ ಕುಳಿಮಾಡಿ ಒಂದು ಚಮಚ ತುಪ್ಪ ಹಾಕಬೇಕು. ಸೊಪ್ಪಿನಲ್ಲಿ ಎ ಜೀವಸತ್ತ್ವದ ಮೂಲವಾದ ಕೆರೋಟಿನ್ ಇದೆ; ಅದು ನೀರಿಗೆ ಒಲಿಯದು, ಕೊಬ್ಬಿನ ಜೊತೆಯಲ್ಲಿ ಮಾತ್ರ ಮೈಗೆ ಸೇರುತ್ತದೆ. ತುಪ್ಪದ ಮಾತು ಬಂದಾಗ ನೆಲಮಂಗಲದವರು ಶಿವಗಂಗೆಯ ಗಂಗಾಧರೇಶ್ವರನನ್ನು ನೆನೆಯದೆ ಇರುವುದಿಲ್ಲ. ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುವುದೆಂದು ಪ್ರತೀತಿ. ಭಕ್ತಿಯ ವಿಷಯಕ್ಕೆ ನಾವು ಕೈಹಾಕುವುದಿಲ್ಲ. ತುಪ್ಪವನ್ನು ತಣ್ಣೀರಿನೊಡನೆ ಮತ್ತೆ ಮತ್ತೆ ತಿಕ್ಕಿದರೆ ಅದು ಬೆಳ್ಳಗೆ ಬೆಣ್ಣೆಯಂತಾಗುತ್ತದೆಂಬುದನ್ನು ಆಯುರ್ವೇದದವರು ಬಲ್ಲರು. ಅವರ ಶತಧೌತ ಘೃತ ಹಾಗೆ ಮಾಡಿದ್ದೇ. ಬಿಸಿ ಮುದ್ದೆಯ ಮೇಲೆ ಅಂಥ ಭಯವಿಲ್ಲ, ಕ್ಷಣದಲ್ಲಿ ಕರಗಿ ಇಳಿಯುತ್ತದೆ. ಮುದ್ದೆಗೆ ಹೊಸಬರಾದ ನೆಂಟರಿಗೆ ಅದನ್ನು ಅಗಿಯದೆ ಸಾರಿನಲ್ಲಿ ಅದ್ದಿ ನುಂಗಬೇಕೆಂದು ಮೊದಲೇ ಹೇಳಿಬಿಡುವುದು ಉಪಕಾರ. ಅಗಿದರೆ ಪಿಷ್ಟದ ಅಂಟು ಹಲ್ಲನ್ನು ಬಿಡುವುದಿಲ್ಲ.

ಸಿಹಿಗೆ ಹುರಿಹಿಟ್ಟು ಸಾಕು. ನೀರು ಚಿಮುಕಿಸಿ ಇಟ್ಟ ರಾಗಿಯನ್ನು ಕಾದ ಮರಳಿನಲ್ಲಿ ಹುರಿದರೆ ಒಳಗಿನ ತೇವ ಆವಿಯಾಗಿ ಕಾಳು ಅರಳುತ್ತದೆ. ಅರಳಿದ ಪಿಷ್ಟ ಆಗಲೇ ಬೆಂದಿರುವುದರಿಂದ ಅದರ ಹಿಟ್ಟಿಗೆ ಒಲೆಯ ಹಂಗಿಲ್ಲ. ಬೆಲ್ಲ, ಕಾಯಿತುರಿ, ಏಲಕ್ಕಿ ಹಾಕಿ ಬಿಸಿಹಾಲಿನಲ್ಲಿ ಕಲಸಿದರೆ ಐದು ನಿಮಿಷದ ಕೆಲಸ. ಪುರುಸೊತ್ತಿರುವವರು ನೆನೆಸಿದ ರಾಗಿಯನ್ನು ರುಬ್ಬಿ ಹಾಲು ಸೋಸಿ, ಬೆಲ್ಲದೊಡನೆ ಕಾಯಿಸಿ ತಟ್ಟೆಗೆ ಹೊಯ್ದು, ಆರಿದಮೇಲೆ ಹಾಲುಬಾಯಿಯೆಂದು ಕತ್ತರಿಸಿ ಕೊಡಬಹುದು. ನೋಟಕ್ಕೆ ಅದೇ ಹೆಚ್ಚು. ಬಟ್ಟೆಯಲ್ಲಿ ಉಳಿಯುವ ಚರಟದೊಡನೆ ಸುಣ್ಣದಂಶದ ಒಳ್ಳೆಯ ಪಾಲು ಹೊರಟುಹೋಗುತ್ತದೆ, ಆದರೆ ಸಿಹಿತಿಂಡಿಯನ್ನು ಅಷ್ಟು ಕಟ್ಟುನಿಟ್ಟಾಗಿ ವಿಚಾರಿಸುವುದು ಸರಿಯಲ್ಲ.

ಮಾರನೆಯ ವರ್ಷ ಮತ್ತೆ ಆ ದಾರಿಯಲ್ಲಿ ಹೋಗುವ ಸಂದರ್ಭ ಬಂತು. ಈ ಸಲ ಹಿರಿಯಾಕೆ ಮನೆಯಲ್ಲಿದ್ದರು. ಅಡಿಗೆಮನೆಯಿಂದ ಕೋಲಿನ ಸದ್ದು ಕೇಳುತ್ತಿತ್ತು. ತೊಳಸುತ್ತಿದ್ದವಳು ಸೊಸೆ, ಅತ್ತೆ ನಮ್ಮೊಡನೆ ಜಗಲಿಯಲ್ಲಿ ಕುಳಿತು ಅವರೆ ಹಿದುಕುತ್ತಿದ್ದರು. “ಎಸರಿಗೆ ಹಿಟ್ಟು ಹಾಕಿ ಗಡಿಯಾರ ನೋಡ್ತಾ ನಿಂತ್ಕತಾಳೆ ಕಣಪ್ಪಾ, ನಾನು ಎಲ್ಲೂ ಕಂಡಿಲ್ಲ” ಎಂದು ನಗುತ್ತ ದೂರು ಹೇಳಿದರು. ಮುದ್ದೆಯನ್ನು ಮುರಿದಾಗ ಅವರೂ ಬಗ್ಗಿ ನೋಡಿದರು. ಒಳಗೆ ಒಂದೇ ಬಣ್ಣವಿತ್ತು.

ಅಂದು ರಾತ್ರಿ ಅಲ್ಲಿಯೇ ತಂಗಿದೆವು. ಉಳಿದ ಎರಡು ಮುದ್ದೆಗಳನ್ನು ಆಕೆ ನೀರಿನಲ್ಲಿ ಮುಳುಗಿಸಿಟ್ಟದ್ದನ್ನು ನೋಡಿದ್ದೆವು. ಆರಿದ ಪಿಷ್ಟದ ಒಂದು ಪಾಲು ರಾತ್ರಿ ಕಳೆಯುವುದರೊಳಗೆ ಬಿಗಿಯಾಗಿ ಹೆಣೆದುಕೊಂಡು ಸುಲಭವಾಗಿ ಜೀರ್ಣವಾಗದ ರೂಪ ತಾಳುತ್ತದೆ; ಅದು ದೊಡ್ಡ ಕರುಳಿಗೆ ಹೋಗಿ ಅಲ್ಲಿಯ ಜೀವಾಣುಗಳಿಗೆ ಆಹಾರವಾಗುತ್ತದೆ. ಬೆಳಗ್ಗೆ ಸೊಸೆ ಬಂದು, “ಉಪ್ಪಿಟ್ಟು ಮಾಡ್ಲೇನ್ರೀ?” ಎಂದು ಕೇಳಿದಳು. ಅತ್ತೆ ಆಗಲೇ ಒಂದು ಮೂಲೆಯಲ್ಲಿ ಕುಳಿತು ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಹಸಿಮೆಣಸಿನಕಾಯಿ ಹೆಚ್ಚಿ ಹಾಕುತ್ತಿದ್ದರು. ನಮ್ಮ ಕಣ್ಣು ಅತ್ತ ಹೋದದ್ದನ್ನು ಕಂಡು, ಏನೂ ಹೇಳದೆ ಇನ್ನೊಂದು ಲೋಟವನ್ನು ತೆಗೆದು ಪಕ್ಕದಲ್ಲಿಟ್ಟರು.